ಹೆಸರು ಬೇಡ, ಉತ್ತರ ಬೇಕು

ಚನ್ನಗಿರಿ ಬಿಟ್ಟು ಸೂಳೆಕೆರೆಯ ಕಡೆಗೆ ಬಸ್ಸು ಹೊರಳಿದರೆ ಎರಡೂ ಬದಿಗೆ ಅಡಿಕೆ ತೋಟ. ಕೊಯ್ಲಿನ ಕಾಲ. ಮನೆಗಳ ಅಂಗಳದಲ್ಲಿ ಹಸಿ ಅಡಿಕೆಯ ರಾಶಿ, ಸುಲಿಯುವ ಮೆಷಿನ್ನಿನ ಸದ್ದು, ಹಂಡೆಯಲ್ಲಿ ಕುದಿಯುವ ಚೊಗರಿನ ವಾಸನೆ. ಈ ದಾರಿಯ ಒಂದು ಊರಿನಲ್ಲಿ ಸರ್ಕಾರಿ ಪ್ರೌಢಶಾಲೆ ಇದೆ. ಊರಿನ ಹೆಸರು ಹೇಳುವುದಿಲ್ಲ. ನಾನು ಹೋದ ದಿನ ಸಮೀಕ್ಷೆಗೆ ಬಂದವರು ಅಲ್ಲಿನ ಮಕ್ಕಳಿಗೆ ‘ನೀವು ಯಾರು, ಯಾವ ಶಾಲೆ ಎಂದು ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಮಾತು ಕೊಟ್ಟರು. ಆ ಕೋಣೆಯಲ್ಲಿ ನಿಂತು ಅದನ್ನು ಕೇಳಿಸಿಕೊಂಡ ನಾನೂ ಅದಕ್ಕೆ ಬದ್ಧ.

ಶಾಲೆಯ ಗೇಟು ಇನ್ನೂ ಕಾಣುವ ಮೊದಲೇ ರಸ್ತೆಗೆ ಅಡ್ಡವಾಗಿ ಒಂದು ಹಳದಿ ಗೆರೆ ಸಿಗುತ್ತದೆ. ಟ್ರ್ಯಾಕ್ಟರ್ ಚಕ್ರಕ್ಕೆ ಸವೆದು ಅರ್ಧ ಮಾಸಿದೆ. ಪಕ್ಕದ ಲೈಟು ಕಂಬದ ಮೇಲೆ ‘ತಂಬಾಕು ಮುಕ್ತ ವಲಯ’ ಎಂಬ ಬರಹ. 2003ರ ತಂಬಾಕು ನಿಯಂತ್ರಣ ಕಾಯ್ದೆಯ ಪ್ರಕಾರ ಶಾಲೆಯ ಸುತ್ತ 100 ಗಜದೊಳಗೆ, ಎಂದರೆ ಸುಮಾರು 91 ಮೀಟರ್‌ನೊಳಗೆ, ತಂಬಾಕು ಮಾರುವಂತಿರಲಿಲ್ಲ. ಗೆರೆಯ ಈಚೆಗೆ ನಾಲ್ಕು ಹೆಜ್ಜೆ ಬಿಟ್ಟು ಒಂದು ಪೆಟ್ಟಿಗೆ ಅಂಗಡಿ ಇದೆ. ಆ ಅಳತೆಗೆ ಸರಿಯಾಗಿದೆ. ಅಂಗಡಿಯ ಮುಂದೆ ಚಿಪ್ಸ್, ಶಾಂಪೂ ಚೀಟುಗಳ ನಡುವೆ ಪಾನ್ ಮಸಾಲದ ಸರ, ಅದರ ಪಕ್ಕದಲ್ಲೇ ಅದೇ ಬಣ್ಣದ ಇನ್ನೊಂದು ಸಣ್ಣ ಚೀಟಿನ ಸರ. ಒಂದರಲ್ಲಿ ಅಡಿಕೆ, ಇನ್ನೊಂದರಲ್ಲಿ ತಂಬಾಕು. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆ ಮೇಲೆ ಎರಡನ್ನೂ ಬೇರೆ ಬೇರೆ ಚೀಟು ಮಾಡಿ ಮಾರುವುದು ಶುರುವಾಯಿತು. ಕೊಂಡವರು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ.

“ಮಕ್ಕಳಿಗೆ ಕೊಡಲ್ಲ ಸಾರ್,” ಎಂದರು ಅಂಗಡಿಯ ಹೆಂಗಸು. ಸ್ವಲ್ಪ ಹೊತ್ತು ಬಿಟ್ಟು, “ಅಪ್ಪಂಗೆ ಅಂತ ಹೇಳಿ ತಗೊಂಡು ಹೋಗ್ತಾವೆ. ಅಪ್ಪಂಗೋ ಅವಕ್ಕೋ ನಂಗೆ ಹೆಂಗೆ ಗೊತ್ತಾಗುತ್ತೆ?” ಎಂದರು. ಅವರ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. 18 ವರ್ಷದೊಳಗಿನವರಿಗೆ ಮಾರಬಾರದು ಎಂದು ಕೇಂದ್ರದ ಕಾಯ್ದೆ ಹೇಳಿತ್ತು. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಅದನ್ನು 21ಕ್ಕೆ ಏರಿಸಿದೆ. ಆದರೆ ಊರಲ್ಲಿ ಬೀಡಿ ತರಲು ಮನೆಯ ಚಿಕ್ಕವರನ್ನೇ ಕಳಿಸುವ ರೂಢಿಗೆ ಯಾವ ತಿದ್ದುಪಡಿಯೂ ಬಂದಿಲ್ಲ. ಎಷ್ಟು ಮಕ್ಕಳು ಅಪ್ಪನಿಗೆ ಒಯ್ಯುತ್ತಾರೆ, ಎಷ್ಟು ಮಕ್ಕಳು ತಮಗೇ ಒಯ್ಯುತ್ತಾರೆ ಎಂದು ತಿಳಿಯಬೇಕಾದರೆ ಮಕ್ಕಳನ್ನೇ ಕೇಳಬೇಕು. ಯಾರು ಕೇಳುತ್ತಿದ್ದಾರೆ ಎಂಬ ಹೆದರಿಕೆ ಇಲ್ಲದ ಹಾಗೆ ಕೇಳಬೇಕು. ಅವತ್ತು ಶಾಲೆಯಲ್ಲಿ ನಡೆಯಲಿದ್ದದ್ದು ಅದೇ ಕೆಲಸ.

ವೈದ್ಯಕೀಯ ಕಾಲೇಜೊಂದರ ಕಮ್ಯುನಿಟಿ ಮೆಡಿಸಿನ್ ವಿಭಾಗದಲ್ಲಿ ಎಂಡಿ ಓದುತ್ತಿರುವ ಯುವ ವೈದ್ಯೆ, ಜೊತೆಗೆ ಒಬ್ಬ ಸಮಾಜ ಕಾರ್ಯಕರ್ತ. ಇಬ್ಬರೂ ಜೀಪಿನಿಂದ ಇಳಿಸಿದ್ದು ಪೆನ್ಸಿಲ್ ಡಬ್ಬಿ, ಉತ್ತರ ಹಾಳೆಗಳ ಕಟ್ಟು, ಬಾಯಿಗೆ ಸೀಳು ಬಿಟ್ಟು ಟೇಪು ಸುತ್ತಿದ ಒಂದು ರಟ್ಟಿನ ಪೆಟ್ಟಿಗೆ. ಪ್ರಶ್ನೆಪತ್ರಿಕೆಯ ಮಾದರಿ ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳ ಶಾಲೆಗಳಲ್ಲಿ ನಡೆಸುವ ವಿದ್ಯಾರ್ಥಿ ಆರೋಗ್ಯ ಸಮೀಕ್ಷೆಯದು. 13ರಿಂದ 17 ವರ್ಷದ ಮಕ್ಕಳಿಗೆಂದು ರೂಪಿಸಿದ್ದು. 2007ರಲ್ಲಿ ನಮ್ಮ ದೇಶದ ಸಿಬಿಎಸ್‌ಇ ಶಾಲೆಗಳಲ್ಲೂ ಇದು ನಡೆದಿತ್ತು. ಊಟ, ಹಲ್ಲುಜ್ಜುವುದು, ಆಟ, ಹೊಡೆದಾಟ, ತಂಬಾಕು, ಕುಡಿತ, ನಿದ್ದೆ ಬಾರದ ಚಿಂತೆ, ಸ್ನೇಹಿತರು ಎಲ್ಲವೂ ಒಂದೇ ಪತ್ರಿಕೆಯಲ್ಲಿ ಬರುತ್ತವೆ.

ಹೆಡ್‌ಮಾಸ್ಟರ ಕೋಣೆಯಲ್ಲಿ ಚಹಾ ಬಂತು. “ಒಂಬತ್ತನೇ ಕ್ಲಾಸಿನ ಎ ಸೆಕ್ಷನ್ ತಗೊಳ್ಳಿ ಮೇಡಮ್. ಚೆನ್ನಾಗಿ ಓದೋ ಮಕ್ಕಳು, ಬೇಗ ಮುಗಿಸ್ತಾರೆ” ಎಂದರು ಹೆಡ್‌ಮಾಸ್ಟರು. ಬಂದವರಿಗೆ ನೆರವಾಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ವೈದ್ಯೆ ಚೀಲದಿಂದ ಒಂದು ಹಾಳೆ ತೆಗೆದು ತೋರಿಸಿದರು. “ನಮ್ಮ ಚೀಟೀಲಿ ಬಿ ಸೆಕ್ಷನ್ ಬಂದಿದೆ ಸರ್. ಅದನ್ನ ನಾವೂ ಬದಲಾಯಿಸೋ ಹಾಗಿಲ್ಲ.”

ಈ ಹಟ ಬೇಕೇಬೇಕು. ತಾಲ್ಲೂಕಿನ ಶಾಲೆಗಳ ಪಟ್ಟಿಯಲ್ಲಿ ಹೆಚ್ಚು ಮಕ್ಕಳಿರುವ ಶಾಲೆಗೆ ಆಯ್ಕೆಯಾಗುವ ಅವಕಾಶವೂ ಹೆಚ್ಚಿರುವಂತೆ ಲೆಕ್ಕ ಹಾಕಿ ಶಾಲೆ ಆರಿಸುತ್ತಾರೆ. ಆ ಶಾಲೆಯಲ್ಲಿ ಯಾವ ತರಗತಿ ಎಂಬುದನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಆರಿಸಿದ ಕೋಣೆಯಲ್ಲಿ ಅವತ್ತು ಕೂತ ಪ್ರತಿ ಮಗುವಿಗೂ ಪತ್ರಿಕೆ ಕೊಡುತ್ತಾರೆ. ಎಲ್ಲಾದರೂ ಒಂದು ಕಡೆ ಮೇಷ್ಟರೋ ಅಧಿಕಾರಿಯೋ ‘ಒಳ್ಳೆ ಮಕ್ಕಳನ್ನು’ ಆರಿಸಿ ಕೊಟ್ಟರೆ ಕೊನೆಗೆ ಬರುವ ಅಂಕಿ ಆ ಒಳ್ಳೆ ಮಕ್ಕಳದ್ದಷ್ಟೇ ಆಗುತ್ತದೆ.

ಬಿ ಸೆಕ್ಷನ್ ಕಾರಿಡಾರಿನ ತುದಿಯ ಕೋಣೆ. ಬೆಂಚಿಗೆ ಮೂವರಂತೆ ಕೂತಿದ್ದರು. ಹೀಗೆ ಕೂತರೆ ನಡುವಿನವನ ಉತ್ತರ ಎಡಬಲದವರಿಬ್ಬರಿಗೂ ಕಾಣುತ್ತದೆ. ಅರ್ಧ ಮಕ್ಕಳನ್ನು ಪಕ್ಕದ ವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು. ಉಳಿದವರಲ್ಲಿ ಬೆಂಚಿಗೆ ಒಬ್ಬರು, ಜಾಗ ಸಾಲದ ಕಡೆ ಎರಡು ತುದಿಗೆ ಇಬ್ಬರು. ಈ ಜೋಡಣೆಗೇ ಅರ್ಧ ಪೀರಿಯಡ್ ಹೋಯಿತು. ನನ್ನ ದೃಷ್ಟಿಯಲ್ಲಿ ಅವತ್ತು ನಡೆದದ್ದರಲ್ಲಿ ಅತಿ ಮುಖ್ಯವಾದದ್ದು ಈ ಅರ್ಧ ಪೀರಿಯಡ್ಡೇ.

ಕ್ಲಾಸ್ ಟೀಚರ್ ಹೊರಗೆ ಹೋದರು. ಹೋದವರು ಅಭ್ಯಾಸಬಲದಿಂದ ಕಿಟಕಿಯ ಹತ್ತಿರ ನಿಂತರು. ವೈದ್ಯೆ ಬಾಗಿಲಿಗೆ ಬಂದು ತಗ್ಗಿದ ದನಿಯಲ್ಲಿ, “ಸರ್, ದಯವಿಟ್ಟು ಕಿಟಕಿ ಹತ್ರಾನೂ ಬೇಡ” ಎಂದರು. ಮೇಷ್ಟರು ನಕ್ಕು ಸ್ಟಾಫ್ ರೂಮಿನ ಕಡೆ ನಡೆದರು. ಕೋಣೆಯ ಭುಜಗಳೆಲ್ಲ ಒಟ್ಟಿಗೆ ಸಡಿಲಗೊಂಡದ್ದನ್ನು ನಾನು ಕಂಡೆ.

“ಹೆಸರು ಬರೀಬೇಡಿ. ರೋಲ್ ನಂಬರ್ ಬೇಡ. ಇದು ಪರೀಕ್ಷೆ ಅಲ್ಲ, ಸರಿ ತಪ್ಪು ಅಂತ ಇಲ್ಲ. ಬೇಡ ಅನ್ನಿಸಿದ ಪ್ರಶ್ನೆ ಬಿಡಬಹುದು. ಪತ್ರಿಕೆಯೇ ಬೇಡ ಅಂದ್ರೂ ಪರವಾಗಿಲ್ಲ, ಸುಮ್ನೆ ಕೂತಿರಿ, ಯಾರೂ ಏನೂ ಕೇಳಲ್ಲ.” ಮನೆಯವರ ಒಪ್ಪಿಗೆ ಪತ್ರ ಹಿಂದಿನ ವಾರವೇ ಹೋಗಿ ಬಂದಿತ್ತು. ಆದರೂ ಮಗುವಿನ ಒಪ್ಪಿಗೆ ಬೇರೆಯಾಗಿ ಕೇಳಲೇಬೇಕು. ವರ್ಷವಿಡೀ ಮಗ್ಗಿಯಿಂದ ಹಿಡಿದು ಸಮವಸ್ತ್ರದವರೆಗೆ ತಪ್ಪು ಹುಡುಕಿಸಿಕೊಳ್ಳುವ ಜಾಗದಲ್ಲಿ ಒಬ್ಬ ದೊಡ್ಡವರು ‘ಸರಿ ತಪ್ಪು ಇಲ್ಲ’ ಎಂದದ್ದನ್ನು ನಂಬಲು ಆ ಮಕ್ಕಳಿಗೆ ಒಂದಷ್ಟು ಹೊತ್ತು ಹಿಡಿಯಿತು. ಮೊದಲ ಪುಟದಲ್ಲಿ ಪೆನ್ಸಿಲ್ ನಿಧಾನ. ಮೂರನೇ ಪುಟಕ್ಕೆ ಬರುವಾಗ ಬಹಳಷ್ಟು ಮಕ್ಕಳ ಎಡಗೈ ಹಾಳೆಗೆ ಅಡ್ಡ ಬಂದಿತ್ತು. ಕೈ ಅಡ್ಡ ಇಟ್ಟವರು ನಿಜ ಬರೆಯುತ್ತಿದ್ದಾರೆ ಎಂದು ನನಗೆ ಅನ್ನಿಸಿತು.

ತಂಬಾಕಿನ ಪುಟ ಬಂದಾಗ ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದ.

“ಮೇಡಮ್, ಒಂದೇ ಒಂದು ದಮ್ ಎಳೆದಿದ್ರೂ ಲೆಕ್ಕಾನಾ?”

ಯಾರೋ ಕಿಸಕ್ಕನೆ ನಕ್ಕರು. ವೈದ್ಯೆ ನಗಲಿಲ್ಲ, ಅವನ ಕಡೆ ನೆಟ್ಟ ನೋಟವನ್ನೂ ಹಾಕಲಿಲ್ಲ. ಎಲ್ಲರಿಗೂ ಹೇಳುವಂತೆ, “ಒಂದೆರಡು ದಮ್ಮಾದ್ರೂ ಲೆಕ್ಕ. ಎಲ್ಲರೂ ಕೇಳಿಸ್ಕೊಳ್ಳಿ, ಈ ಪ್ರಶ್ನೆಗೆ ಹಾಗೇ ಉತ್ತರ ಕೊಡಿ” ಎಂದು ಮುಂದೆ ಹೋದರು. ಇಂಥ ಸಮೀಕ್ಷೆಗಳಲ್ಲಿ ಮೊದಲು ‘ಎಂದಾದರೂ’ ಎಂದು ಕೇಳುತ್ತಾರೆ, ಆಮೇಲೆ ‘ಕಳೆದ 30 ದಿನಗಳಲ್ಲಿ ಎಷ್ಟು ದಿನ’ ಎಂದು ಕೇಳುತ್ತಾರೆ. ಒಮ್ಮೆ ರುಚಿ ನೋಡಿ ಬಿಟ್ಟವರು ಯಾರು, ಚಟಕ್ಕೆ ಬೀಳುತ್ತಿರುವವರು ಯಾರು ಎಂದು ಬೇರ್ಪಡಿಸುವುದು ಈ ಎರಡನೇ ಪ್ರಶ್ನೆ.

ಪತ್ರಿಕೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಕೈಯಲ್ಲಿ ಹಿಡಿದು ನೋಡಿದಾಗಲೇ ನನಗೆ ಹೊಳೆದದ್ದು. ‘ಇಲ್ಲ ಎಂದಾದರೆ 20ನೇ ಪ್ರಶ್ನೆಗೆ ಹೋಗಿ’ ಎಂಬಂಥ ಸೂಚನೆ ಎಲ್ಲೂ ಇಲ್ಲ. ಸೇದದವನೂ ಪ್ರತಿ ಪ್ರಶ್ನೆ ಓದಿ ‘ನಾನು ಸೇದಿಲ್ಲ’ ಎಂಬ ವೃತ್ತವನ್ನೇ ತುಂಬಬೇಕು. ಹಾಗಿರುವುದರಿಂದ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಹೊತ್ತು ಹಿಡಿಯುತ್ತದೆ. ಯಾರು ಬೇಗ ಪುಟ ಮಗುಚಿದರು, ಯಾರು ಅಲ್ಲೇ ನಿಂತರು ಎಂದು ನೋಡಿ ಗುಟ್ಟು ಊಹಿಸಲು ಆಗುವುದಿಲ್ಲ. ಅಮೆರಿಕದಲ್ಲಿ 1991ರಿಂದ ಎರಡು ವರ್ಷಕ್ಕೊಮ್ಮೆ ಪ್ರೌಢಶಾಲೆಗಳಲ್ಲಿ ನಡೆಯುತ್ತಿರುವ ಸಮೀಕ್ಷೆಯ ಪತ್ರಿಕೆಯೂ ಹೀಗೆಯೇ ಇದೆ. ಮಕ್ಕಳ ಮಾನ ಕಾಯಲು ಪ್ರಶ್ನೆ ಜೋಡಿಸುವ ಕ್ರಮದಲ್ಲೇ ಇಷ್ಟು ಯೋಚಿಸಿದವರ ಬಗ್ಗೆ ನನಗೆ ಗೌರವ ಹುಟ್ಟಿತು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: “ಮಿಸ್, ಬರೀ ಅಡಿಕೆ ತಿಂದ್ರೆ ಎಲ್ಲಿ ತುಂಬ್ಬೇಕು?” ತುಂಬಲು ಜಾಗ ಇರಲಿಲ್ಲ. ಪತ್ರಿಕೆ ಕೇಳಿದ್ದು ತಂಬಾಕನ್ನು ಮಾತ್ರ. ಈ ತಾಲ್ಲೂಕಿನಲ್ಲಿ ಮನೆಯ ಅನ್ನ, ಮಕ್ಕಳ ಫೀಸು, ಮದುವೆ ಎಲ್ಲ ನಿಂತಿರುವುದು ಅಡಿಕೆಯ ಮೇಲೆ. ಆದರೆ ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎರಡು ದಶಕದ ಹಿಂದೆಯೇ ಹೇಳಿದೆ. ಅಡಿಕೆ ಜಗಿದೂ ಜಗಿದೂ ಬಾಯಿಯ ಒಳಚರ್ಮ ಗಟ್ಟಿಯಾಗಿ, ಬಾಯಿ ತೆರೆಯಲೇ ಆಗದ ಹರೆಯದವರು ದಂತ ವೈದ್ಯರ ಬಳಿಗೆ ಬರುತ್ತಾರೆ. ಬೆಳೆಗಾರರಿಗೆ ನೋವಾಗುವ ಮಾತು ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಹೊರಗಿನಿಂದ ಬಂದ ಪ್ರಶ್ನೆಪತ್ರಿಕೆಗೆ ಊರಿನ ಪ್ರಶ್ನೆಯನ್ನೂ ಸೇರಿಸಿಕೊಳ್ಳಬೇಕು, ಇಲ್ಲದಿದ್ದರೆ ಈ ಊರಿನ ದೊಡ್ಡ ಅಪಾಯವೇ ಲೆಕ್ಕದಿಂದ ಹೊರಗೆ ಉಳಿಯುತ್ತದೆ. ವೈದ್ಯೆ ತಮ್ಮ ನೋಟ್‌ಬುಕ್ಕಿನಲ್ಲಿ ಏನನ್ನೋ ಬರೆದುಕೊಂಡರು.

ಕೊನೆಯ ಪುಟಗಳ ಪ್ರಶ್ನೆಗಳನ್ನು ಓದುವಾಗ ನನಗೇ ಗಂಟಲು ಕಟ್ಟಿತು. ಮನೆಯಲ್ಲಿ ಸಾಕಷ್ಟು ಊಟ ಇಲ್ಲದೆ ಹಸಿದಿದ್ದುಂಟೆ? ಎಷ್ಟು ಸಲ ಒಂಟಿ ಎನ್ನಿಸಿದೆ? ನಿದ್ದೆ ಬಾರದಷ್ಟು ಚಿಂತೆ ಕಾಡಿದೆಯೆ? ಆಪ್ತ ಸ್ನೇಹಿತರು ಎಷ್ಟು ಮಂದಿ? ನಿಮ್ಮ ಕಷ್ಟ ಅಪ್ಪ ಅಮ್ಮನಿಗೆ ಅರ್ಥವಾಗುತ್ತದೆಯೆ? ಪ್ರಾಣ ಕಳೆದುಕೊಳ್ಳಬೇಕು ಎಂದು ಯೋಚಿಸಿದ್ದುಂಟೆ? ಹದಿನಾಲ್ಕು ವರ್ಷದ ಮಗುವನ್ನು ಇಷ್ಟು ನೇರವಾಗಿ ಇವನ್ನೆಲ್ಲ ನಮ್ಮಲ್ಲಿ ಯಾರು ಕೇಳುತ್ತೇವೆ? ಪರೀಕ್ಷೆಯಲ್ಲಿ ಎಷ್ಟು ಬಂತು ಎಂದು ಕೇಳುತ್ತೇವೆ. 2022ರಲ್ಲಿ ಎನ್‌ಸಿಇಆರ್‌ಟಿ ದೇಶದ ಸುಮಾರು 3.79 ಲಕ್ಷ ವಿದ್ಯಾರ್ಥಿಗಳನ್ನು ಮನಸ್ಸಿನ ಸ್ಥಿತಿಯ ಬಗ್ಗೆ ಕೇಳಿದಾಗ, ಓದು, ಪರೀಕ್ಷೆ, ಫಲಿತಾಂಶಗಳೇ ಆತಂಕಕ್ಕೆ ಕಾರಣ ಎಂದವರು ಶೇ. 81.

ಸಾವಿನ ಪ್ರಶ್ನೆ ಕೇಳಿದರೆ ಮಗುವಿನ ತಲೆಯಲ್ಲಿ ಇಲ್ಲದ ಯೋಚನೆ ಬಿತ್ತಿದಂತೆ ಆಗುತ್ತದೆ ಎಂದು ಹಿರಿಯರು ಹೆದರುತ್ತಾರೆ. ಇದರ ಬಗ್ಗೆ ನಡೆದ ಅಧ್ಯಯನಗಳು ಆ ಹೆದರಿಕೆಗೆ ಆಧಾರ ಕಂಡಿಲ್ಲ. ನನ್ನನ್ನು ಕಾಡಿದ ಸಂಕಟ ಬೇರೆ. ಈ ಕೋಣೆಯಲ್ಲಿ ಯಾರೋ ಒಬ್ಬರು ಆ ಪ್ರಶ್ನೆಗೆ ‘ಹೌದು’ ಎಂದು ತುಂಬಿರಬಹುದು. ಆ ಹಾಳೆ ಪೆಟ್ಟಿಗೆಗೆ ಬಿದ್ದ ಮೇಲೆ ಅದು ಯಾರದೆಂದು ಯಾರಿಗೂ ತಿಳಿಯುವುದಿಲ್ಲ. ಹೆಸರಿದ್ದಿದ್ದರೆ ಮಗು ನಿಜ ಹೇಳುತ್ತಿರಲಿಲ್ಲ. ಹೆಸರಿಲ್ಲದ್ದರಿಂದ ಅದರ ಬಳಿಗೆ ಹೋಗುವ ದಾರಿ ನಮಗಿಲ್ಲ. ವೈದ್ಯೆಯನ್ನು ಕೇಳಿದೆ. “ಅದಕ್ಕೇ ಎಲ್ಲರಿಗೂ ಕೊಡ್ತೀವಿ ಸರ್” ಎಂದು ಒಂದು ಚೀಟಿ ತೋರಿಸಿದರು. ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098, ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್ ತೆರೆದಿರುವ ಹೊತ್ತು. ಬೇಕಾದವರು ಮಾತ್ರ ತೆಗೆದುಕೊಳ್ಳಿ ಎಂದರೆ ತೆಗೆದುಕೊಂಡ ಮಗು ಎಲ್ಲರ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಪೆಟ್ಟಿಗೆಗೆ ಹಾಳೆ ಹಾಕಿದ ಪ್ರತಿಯೊಬ್ಬರ ಕೈಗೂ ಒಂದು ಚೀಟಿ. ಸಮಾಜ ಕಾರ್ಯಕರ್ತ ಮಧ್ಯಾಹ್ನ ಬಿಸಿಯೂಟ ಮುಗಿಯುವವರೆಗೆ ಪ್ರಯೋಗಾಲಯದಲ್ಲಿ ಕೂತಿದ್ದರು. ಇಬ್ಬರು ಮಕ್ಕಳು ಬಂದು ಮಾತಾಡಿಸಿ ಹೋದರು. ಏನು ಮಾತಾಡಿದರೆಂದು ನಾನು ಕೇಳಲಿಲ್ಲ.

ಹಾಜರಿ ಪುಸ್ತಕ ನೋಡಿದರೆ ಅವತ್ತು ಬಾರದವರ ಹೆಸರುಗಳೂ ಕಂಡವು. “ಕೊಯ್ಲು ಟೈಮ್ ಅಲ್ವಾ, ಅಡಿಕೆ ಸುಲಿಯೋಕೆ ಹೋಗಿರ್ತಾರೆ” ಎಂದರು ಕ್ಲಾಸ್ ಟೀಚರ್. ಅದರಲ್ಲಿ ಒಬ್ಬ ಜೂನ್‌ನಿಂದಲೇ ಬರುತ್ತಿಲ್ಲವಂತೆ. ಶಾಲೆಯ ಸಮೀಕ್ಷೆಗಳ ದೊಡ್ಡ ಕೊರತೆ ಇದೇ. ಕೂಲಿಗೆ ಹೋದ ಮಗು, ಬಿಟ್ಟುಹೋದ ಮಗು, ಗ್ಯಾರೇಜು ಸೇರಿದ ಮಗು ಇವುಗಳಿಗೆ ಪತ್ರಿಕೆ ಸಿಗುವುದಿಲ್ಲ. ಬೀಡಿ, ಗುಟ್ಕಾ, ಗಾಯ, ಹೊಡೆತ ಹೆಚ್ಚಾಗಿ ಎದುರಾಗುವುದು ಅವರಿಗೇ.

ಈಗ ರಾಜ್ಯದ ಒಂದು ಅಂಕಿಯ ಕಡೆ ಬರುತ್ತೇನೆ. ಆ ಅಂಕಿಯ ಅರ್ಥ ಹುಡುಕಿಕೊಂಡೇ ನಾನು ಈ ಕೋಣೆಗೆ ಬಂದದ್ದು. 13ರಿಂದ 15 ವರ್ಷದ ಶಾಲಾ ಮಕ್ಕಳ ತಂಬಾಕು ಬಳಕೆಯ ಬಗ್ಗೆ ದೇಶಮಟ್ಟದ ನಾಲ್ಕನೇ ಸಮೀಕ್ಷೆ 2019ರಲ್ಲಿ ನಡೆಯಿತು. ನಡೆಸಿದ್ದು ಮುಂಬೈನ ದೇವನಾರ್‌ನಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ, ಕೇಂದ್ರ ಆರೋಗ್ಯ ಇಲಾಖೆಯ ಪರವಾಗಿ. 987 ಶಾಲೆಗಳ 97,302 ವಿದ್ಯಾರ್ಥಿಗಳು ಭಾಗವಹಿಸಿದರು. ದೇಶದಲ್ಲಿ ಶೇ. 8.5 ಮಕ್ಕಳು ಆಗ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಹತ್ತು ವರ್ಷ ಹಿಂದೆ ಅದು ಶೇ. 14.6 ಇತ್ತು. ಅರುಣಾಚಲ ಪ್ರದೇಶ ಮತ್ತು ಮಿಜೋರಾಂಗಳಲ್ಲಿ ಶೇ. 58. ಕರ್ನಾಟಕದಲ್ಲಿ ಶೇ. 1.2. ನಮಗಿಂತ ಕಡಿಮೆ ಇದ್ದದ್ದು ಹಿಮಾಚಲ ಪ್ರದೇಶ ಮಾತ್ರ.

ಆ 1.2 ನೋಡಿ ನಾನು ಮೊದಲು ಹಿಗ್ಗಿದ್ದೆ. ಆಮೇಲೆ ಇನ್ನೊಂದು ಅಂಕಿ ಪಕ್ಕದಲ್ಲಿಟ್ಟುಕೊಂಡೆ. 2016-17ರ ವಯಸ್ಕರ ಸಮೀಕ್ಷೆಯಲ್ಲಿ ಕರ್ನಾಟಕದ ಶೇ. 22.8 ಮಂದಿ ತಂಬಾಕು ಬಳಸುತ್ತಿದ್ದರು. ವಯಸ್ಕರಲ್ಲೂ ಬಳಕೆ ಇಳಿಯುತ್ತಿದೆ, ಶಾಲೆಗಳಲ್ಲಿ ತಿಳಿವಳಿಕೆ ಹೆಚ್ಚಿದೆ, ಹಾಗಾಗಿ ಮಕ್ಕಳ ಅಂಕಿ ನಿಜಕ್ಕೂ ಕಡಿಮೆ ಇರಬಹುದು. ಬೆಂಚಿಗೆ ಮೂವರು ಕೂತ ಕೋಣೆಗಳಲ್ಲಿ, ಕಿಟಕಿಯಲ್ಲಿ ಮೇಷ್ಟರು ನಿಂತ ಕೋಣೆಗಳಲ್ಲಿ ಮಕ್ಕಳು ಬಚ್ಚಿಟ್ಟಿರಲೂಬಹುದು. ಬಿ ಸೆಕ್ಷನ್ನಿನಲ್ಲಿ ನಿಂತು ನೋಡಿದ ಮೇಲೆ ನಾನು ಅಂಕಿಯ ಜೊತೆಗೆ ಅದನ್ನು ಪಡೆದ ಕೋಣೆಯ ವಿವರವನ್ನೂ ಕೇಳುವವನಾಗಿದ್ದೇನೆ.

ಮಕ್ಕಳ ಸಮೀಕ್ಷೆಯ ವರದಿಯಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಬೇರೊಂದು ಸಾಲು. ದೇಶದಲ್ಲಿ ಹೊಗೆಯಿಲ್ಲದ ತಂಬಾಕು ಬಳಸಿದ ಮಕ್ಕಳಲ್ಲಿ ಶೇ. 52 ಮಂದಿ ಅದನ್ನು ಹತ್ತು ವರ್ಷ ತುಂಬುವ ಮೊದಲೇ ಶುರುಮಾಡಿದ್ದರು. ಬೀಡಿಗೆ ಅದು ಶೇ. 47, ಸಿಗರೇಟಿಗೆ ಶೇ. 38. ನಾವು ತಂಬಾಕಿನ ಬಗ್ಗೆ ಭಾಷಣ ಮಾಡಿಸುವುದು ಹೈಸ್ಕೂಲಿನಲ್ಲಿ. ಆ ಹೊತ್ತಿಗೆ ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ಅದು ನಾಲ್ಕೈದು ವರ್ಷದ ಹಳೆಯ ಪರಿಚಯ. ಮಕ್ಕಳನ್ನು ಕೇಳದೇ ಹೋಗಿದ್ದರೆ ಈ ವಿಷಯ ಯಾವ ಇಲಾಖೆಯ ಕಡತದಲ್ಲೂ ಸಿಗುತ್ತಿರಲಿಲ್ಲ.

ಮಕ್ಕಳು ಸುಳ್ಳು ಬರೆಯುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಕೆಲವರು ಬರೆಯುತ್ತಾರೆ. ಒಂದು ಕಡೆ ‘ಎಂದೂ ಸೇದಿಲ್ಲ’ ಎಂದು, ಮುಂದಿನ ಪುಟದಲ್ಲಿ ‘ದಿನಾ ಸೇದುತ್ತೇನೆ’ ಎಂದು ತುಂಬಿದ ಉತ್ತರಗಳನ್ನು ಲೆಕ್ಕದಿಂದ ಬಿಡುತ್ತಾರೆ. 1995ರಿಂದ ನಡೆಯುತ್ತಿರುವ ಯುರೋಪಿನ ಸಮೀಕ್ಷೆಯಲ್ಲಿ ಮಾದಕ ವಸ್ತುಗಳ ಪಟ್ಟಿಯೊಳಗೆ ‘ರೆಲೆವಿನ್’ ಎಂಬ ಒಂದು ಹೆಸರು ಸೇರಿಸಿರುತ್ತಾರೆ. ಅಂಥ ವಸ್ತುವೇ ಇಲ್ಲ. ಅದನ್ನೂ ಬಳಸಿದ್ದೇನೆ ಎನ್ನುವವರ ಪ್ರಮಾಣದಿಂದ ಉತ್ಪ್ರೇಕ್ಷೆ ಎಷ್ಟಿದೆ ಎಂದು ಅಂದಾಜು ಮಾಡುತ್ತಾರೆ.

ಒಂದೇ ಪ್ರಶ್ನೆಯನ್ನು ವರ್ಷಗಟ್ಟಲೆ ಒಂದೇ ರೀತಿ ಕೇಳಿದರೆ ಬದಲಾವಣೆ ಕಾಣುತ್ತದೆ. ಅಮೆರಿಕದ ಸಮೀಕ್ಷೆಯಲ್ಲಿ ಸಿಗರೇಟು ಸೇದುವ ಹೈಸ್ಕೂಲ್ ಮಕ್ಕಳು 1997ರಲ್ಲಿ ಶೇ. 36.4 ಇದ್ದವರು 2019ರ ಹೊತ್ತಿಗೆ ಶೇ. 6ಕ್ಕೆ ಇಳಿದರು. ಅದೇ ಸಮೀಕ್ಷೆ 2021ರಲ್ಲಿ, ವಾರಗಟ್ಟಲೆ ದುಃಖ ಮತ್ತು ನಿರಾಶೆಯಲ್ಲಿ ಮುಳುಗಿದ್ದ ಹುಡುಗಿಯರು ಶೇ. 57 ಎಂದು ತೋರಿಸಿತು. ಒಂದು ಕಷ್ಟ ಕರಗುವಾಗ ಇನ್ನೊಂದು ಬೆಳೆಯುತ್ತಿತ್ತು.

ಕೇಳಿದ ಮೇಲೆ ಏನು ಮಾಡಬೇಕೆಂದು ತೋರಿಸಿದ್ದು ಐಸ್‌ಲ್ಯಾಂಡ್. 1998ರಲ್ಲಿ ಅಲ್ಲಿನ 15–16 ವರ್ಷದವರಲ್ಲಿ ಶೇ. 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದರು. 2016ಕ್ಕೆ ಅದು ಶೇ. 5. ದಿನಾ ಸಿಗರೇಟು ಸೇದುವವರು ಶೇ. 23ರಿಂದ ಶೇ. 3. ಅವರು ಮಾಡಿದ್ದು ಸಾಮಾನ್ಯ ಬುದ್ಧಿಯ ಕೆಲಸ. ಸಮೀಕ್ಷೆಯ ಫಲಿತಾಂಶವನ್ನು ಹೆಚ್ಚು ಕಾಯಿಸದೆ ಆಯಾ ಊರಿಗೆ, ಆಯಾ ಶಾಲೆಗೆ ಒಪ್ಪಿಸಿದರು. ಆಟ, ಸಂಗೀತದ ಕ್ಲಾಸುಗಳಿಗೆ ಸರ್ಕಾರ ಹಣ ಕೊಟ್ಟಿತು. ಅಪ್ಪ ಅಮ್ಮಂದಿರು ರಾತ್ರಿ ಸರದಿಯಲ್ಲಿ ಬೀದಿ ಸುತ್ತಿದರು. ಮಕ್ಕಳ ಜೊತೆ ಕಳೆಯುವ ಹೊತ್ತನ್ನು ಹೆಚ್ಚಿಸಿಕೊಂಡರು. ಮುಂದಿನ ಸಮೀಕ್ಷೆಯಲ್ಲಿ ತಮ್ಮ ಊರಿನ ಅಂಕಿ ಇಳಿಯಿತೇ ಎಂದು ಅವರೇ ನೋಡಿಕೊಂಡರು. ನಾಲ್ಕು ಲಕ್ಷವೂ ತುಂಬದ ಜನಸಂಖ್ಯೆಯ ದೇಶ ಅದು, ನಮ್ಮ ಒಂದೆರಡು ತಾಲ್ಲೂಕಿನಷ್ಟು. ಆದ್ದರಿಂದ ಅದು ತಾಲ್ಲೂಕು ಮಟ್ಟದಲ್ಲಿ ನಮಗೂ ಆಗುವ ಕೆಲಸ ಎಂದು ನಾನು ನಂಬುತ್ತೇನೆ.

ಬಿಸಿಯೂಟದ ಹೊತ್ತಿಗೆ ಪೆಟ್ಟಿಗೆಯ ಬಾಯಿಗೂ ಟೇಪು ಬಿತ್ತು. ಹೆಡ್‌ಮಾಸ್ಟರ ಕೋಣೆಗೆ ಧನ್ಯವಾದ ಹೇಳಲು ಹೋದಾಗ ಅವರು ಎದ್ದು ನಿಂತು ಕೇಳಿದರು:

“ಮೇಡಮ್, ಬೇಜಾರು ಮಾಡ್ಕೋಬೇಡಿ. ಹಿಂದೆನೂ ಒಂದೆರಡು ಟೀಮು ಬಂದಿದ್ರು. ತುಂಬಿಸ್ಕೊಂಡು ಹೋದ್ರು. ಏನು ಬಂತು ಅಂತ ಒಬ್ಬರೂ ಹೇಳಲಿಲ್ಲ. ನಮ್ಮ ಮಕ್ಕಳ ವಿಷಯ ನಮಗೇ ಗೊತ್ತಾಗ್ಬಾರ್ದಾ?”

“ನಿಮ್ಮ ಶಾಲೆದು ಅಂತ ಬೇರೆ ಕೊಡೋಕಾಗಲ್ಲ ಸರ್. ಒಂದೇ ಕ್ಲಾಸು, ಇಷ್ಟೇ ಮಕ್ಕಳು. ಮೂರು ಜನ ಅಂತ ಅಂಕಿ ಕೊಟ್ರೆ ನೀವು ಆ ಮೂವರನ್ನ ಹುಡುಕ್ತೀರಿ. ಅವರಿಗೆ ನಾನು ಮಾತು ಕೊಟ್ಟಿದೀನಿ.” ವೈದ್ಯೆ ಸ್ವಲ್ಪ ತಡೆದು ಮುಂದುವರಿಸಿದರು. “ತಾಲ್ಲೂಕಿನ ಎಲ್ಲಾ ಶಾಲೆ ಸೇರಿಸಿ ಬರೋ ಲೆಕ್ಕ ಕೊಡಬಹುದು. ಏಪ್ರಿಲ್ ಒಳಗೆ ಎಂಟ್ರಿ ಮುಗಿಯುತ್ತೆ.”

“ಏಪ್ರಿಲ್‌ಗೆ ರಜಾ. ಜೂನ್‌ನಲ್ಲಿ ಎಸ್‌ಡಿಎಂಸಿ ಮೀಟಿಂಗ್ ಇಡ್ತೀನಿ, ಪೋಷಕರನ್ನೂ ಕರೀತೀನಿ. ನೀವೇ ಬಂದು ಹೇಳ್ಬೇಕು.”

“ಬರ್ತೀನಿ ಸರ್. ಅಡಿಕೆ ಪ್ರಶ್ನೆನೂ ಮುಂದಿನ ಸಲಕ್ಕೆ ಸೇರಿಸ್ಬೇಕು ಅಂತ ಗೈಡ್ ಹತ್ರ ಮಾತಾಡ್ತೀನಿ.”

ಹೆಡ್‌ಮಾಸ್ಟರು ಗೋಡೆಯ ಕ್ಯಾಲೆಂಡರಿನ ಕೆಳಗೆ ಅವರ ಫೋನ್ ನಂಬರ್ ಬರೆದುಕೊಂಡು, ಪಕ್ಕದಲ್ಲಿ ‘ಜೂನ್, ಸಮೀಕ್ಷೆ’ ಎಂದು ಗುರುತು ಹಾಕಿದರು.